ಬಣ್ಣದ ಮನೆಬಂಡಿಯ ಒಡೆದ ಅಚ್ಚು

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಹೊನ್ನಾಂಬೆಯವರು ನಲವತ್ತು ದಿನದ ಯಾತ್ರೆಗೆ ಹೊರಟಿದ್ದಾರೆ. ಅವರ ಮೂರು ಒಗಟು ಬಿಡಿಸಿ, ಮನೆಬಂಡಿಯ ಗುಣ ದೋಷ ಹೇಳಿದವರಿಗೆ ಕೇಳಿದ ವರ ಸಿಗುತ್ತದೆ. ತಪ್ಪಿದವರ ತಲೆ ಸಂಜೆಗೆ ಉರುಳುತ್ತದೆ!"

ಕಡಕೋಟೆಯ ಬೀದಿಯಲ್ಲಿ ಡಂಗುರ ಹೀಗೆ ಮೊಳಗಿದಾಗ ದುಗ್ಗ ಯಾವುದೋ ಬಂಡಿಯ ಕೆಳಗೆ ಅಂಗಾತ ಮಲಗಿ ಅಚ್ಚಿಗೆ ಕೀಲೆಣ್ಣೆ ಬಿಡುತ್ತಿದ್ದ. ಅವನ ಕಸುಬೇ ಅದು. ಕೈ ಮಾತ್ರ ಅಲ್ಲೇ ನಿಂತಿತು.

ಮೂರು ವರ್ಷದ ಕೆಳಗೆ ರಾಜಕುಮಾರಿಯ ತಾಯಿ ಮಹಾರಾಣಿಯವರ ಬಂಡಿ ಘಾಟಿಯಲ್ಲಿ ಮುರಿದು ಕಣಿವೆಗೆ ಬಿತ್ತು. ರಾಣಿಯವರು ಉಳಿಯಲಿಲ್ಲ. ಬಂಡಿ ಹೊಡೆಯುತ್ತಿದ್ದ ಬೊಮ್ಮಣ್ಣ ಕೈಕಾಲು ಮುರಿದುಕೊಂಡು ಬದುಕಿದ. ಎತ್ತನ್ನು ಅಡ್ಡಾದಿಡ್ಡಿ ಓಡಿಸಿದನೆಂದು ಅವನನ್ನು ಸೆರೆಗೆ ತಳ್ಳಿದರು. ಆ ಬೊಮ್ಮಣ್ಣ ದುಗ್ಗನ ಒಡಹುಟ್ಟಿದ ಅಣ್ಣ. ಘಾಟಿಯಿಂದ ತಂದ ಮುರಿದ ಅಚ್ಚನ್ನು ಕಂಡಿದ್ದ ದುಗ್ಗನಿಗೆ ಅದರಲ್ಲೇ ದೋಷವಿತ್ತೆಂದು ಗೊತ್ತಿತ್ತು. ಆದರೆ ಕೀಲೆಣ್ಣೆ ಹಾಕುವವನ ಮಾತು ಅರಮನೆಯ ಹೆಬ್ಬಾಗಿಲು ದಾಟುವುದುಂಟೆ? ಡಂಗುರದಲ್ಲಿ ಜಾತಿ, ಅಂತಸ್ತು ಒಂದನ್ನೂ ಹೇಳಿರಲಿಲ್ಲ. ಅವನು ಮೈ ಕೊಡವಿಕೊಂಡು ಎದ್ದ.

ಅರಮನೆಯ ಅಂಗಳದಲ್ಲಿ, ಸಿಂಹಾಸನದಲ್ಲಿ ಕೂತ ಅರಸ ಮತ್ತು ರಾಜಕುಮಾರಿಯ ಎದುರಿಗೆ, ಹೊಚ್ಚ ಹೊಸದರಂತೆ ಮನೆಬಂಡಿ ನಿಂತಿತ್ತು. ಮರದ ಗೋಡೆ, ಕಮಾನು ಸೂರು, ಪುಟ್ಟ ಬಾಗಿಲು, ಮೈ ತುಂಬ ನವಿಲಿನ ಚಿತ್ತಾರ. ಅದನ್ನು ಕೊಂಡುತಂದವನು, ಅರಮನೆಯ ಬಂಡಿಗಳು ನಿಲ್ಲುವ ಬಂಡಿಮನೆಯ ಪಾರುಪತ್ಯಗಾರ ಮಲ್ಲರಸ, ಮೀಸೆ ತಿರುವುತ್ತ ಪಕ್ಕದಲ್ಲೇ ಇದ್ದ. ಉತ್ತರ ಹೇಳಲು ಬಂದವರು ಮೂವರು: ಇಬ್ಬರು ಜರತಾರಿ ಪೇಟದ ಅರಸುಮಕ್ಕಳು, ಮೂರನೆಯವನು ಎಣ್ಣೆಮೈಯ ದುಗ್ಗ. ಆಚೆ ಬದಿಯಲ್ಲಿ ತಳವಾರ ಕತ್ತಿ ಒರೆಸುತ್ತಿದ್ದ.

ರಾಜಕುಮಾರಿ ಕೇಳಿದಳು: "ಮಳೆಗಾಲದಲ್ಲಿ ಕರೆಯದೆ ಒಳಗೆ ಬಂದವನು ಬೇಸಗೆ ಬಂದರೂ ಹೊರಗೆ ಹೋಗಲಿಲ್ಲ. ಬಣ್ಣ ಬಳಿದರೆ ಕಣ್ಣಿಗೆ ಮರೆಯಾಗುತ್ತಾನೆ. ಗಂಧ ಎರಚಿದರೆ ಗಳಿಗೆ ಹೊತ್ತು ಸುಮ್ಮನಿರುತ್ತಾನೆ. ಯಾರವನು?"

"ಪ್ರೇಮ!" ಎಂದ ಮೊದಲನೆಯ ರಾಜಕುಮಾರ, ಕೈಯನ್ನು ಎದೆಯ ಮೇಲಿಟ್ಟು. ತಳವಾರ ಬಂದು ಆ ಕೈಯನ್ನೇ ಹಿಡಿದು ಆಚೆ ಕರೆದೊಯ್ದ. ಎರಡನೆಯವನು ಜಾಣ, "ಮೊದಲು ಈ ಹುಡುಗ ಹೇಳಲಿ" ಎಂದ.

"ತೇವ, ತಾಯಿ," ಎಂದ ದುಗ್ಗ. "ಸೂರು ಸೋರಿ ಹಲಗೆಗೆ ಇಳಿದ ತೇವ. ಬಾಗಿಲು ಹಾಕ್ಕೊಂಡು ನೂರು ಎಣಿಸೋಗಂಟ ಒಳಗೆ ಕೂತು ಮೂಸಬೇಕು. ಗಂಧದ ಕೆಳಗಿಂದ ಬೂಷ್ಟಿನ ವಾಸನೆ ಬಂದೇ ಬರ್ತದೆ."

"ನನ್ನ ಮನಸ್ಸಿನಲ್ಲಿದ್ದದ್ದೂ ಅದೇ!" ಎಂದ ಎರಡನೆಯವನು. ಅಂಗಳದ ಜನ ನಕ್ಕರು, ರಾಜಕುಮಾರಿ ನಗಲಿಲ್ಲ. "ಹಾಗಾದರೆ ಇದಕ್ಕೆ ನೀವೇ ಮೊದಲು ಹೇಳಿ. ಹೊಸಿಲಲ್ಲಿ ಒಬ್ಬ ಕಾವಲುಗಾರ. ಮನೆಯ ಎಲುಬು ನೆಟ್ಟಗಿರುವವರೆಗೆ ಬೆರಳು ತಾಕಿದರೆ ದಾರಿ ಬಿಡುತ್ತಾನೆ. ಎಲುಬು ತಿರುಚಿದ ದಿನ ಹಲ್ಲು ಕಚ್ಚಿ ನಿಲ್ಲುತ್ತಾನೆ. ಯಾರು?"

ರಾಜಕುಮಾರ ಬೆವರಿದ. "ನಾ... ನಾಯಿ?"

ತಳವಾರ ಅವನನ್ನೂ ಕರೆದೊಯ್ದ. ಈಗ ಸಾಲಿನಲ್ಲಿ ದುಗ್ಗನೊಬ್ಬನೇ. ಹೊತ್ತು ಪಡುವಲಕ್ಕೆ ವಾಲುತ್ತಿತ್ತು.

"ಬಾಗಿಲು, ತಾಯಿ. ಬಂಡಿ ಚೌಕಟ್ಟು ಸೊಟ್ಟಗಾದ್ರೆ ಬಾಗಿಲು ಮೂಲೆಯಲ್ಲಿ ಕಚ್ಚತದೆ. ಬಾಗಿಲು ಕೆತ್ತಿ ಸಡಿಲ ಮಾಡಿ ಮಾರೋರು ಇದ್ದಾರೆ. ಅದಕ್ಕೇ ಸಂದು ಮೇಲೂ ಕೆಳಗೂ ಒಂದೇ ಸಮ ಅದಾ ಅಂತ ನೋಡಬೇಕು."

ಮೂರನೆಯ ಒಗಟು ಕೇಳುವಾಗ ರಾಜಕುಮಾರಿಯ ದನಿ ನಡುಗಿತು. "ಮುರಿಯುವ ಮುಂಚೆ ಎಲ್ಲರೂ ಹೊಗಳುತ್ತಾರೆ. ಮುರಿದ ಮೇಲೆ ಎಲ್ಲರೂ ಅಳುತ್ತಾರೆ. ಮುರಿಯುವ ಮುಂಚೆಯೇ ಮುರಿದದ್ದನ್ನು ಕಾಣಬೇಕಾದವನು ಎಲ್ಲಿ ನಿಂತು ನೋಡಬೇಕು?"

ದುಗ್ಗ ಬಂಡಿಯ ಸುತ್ತ ಕಣ್ಣಾಡಿಸಿದ. ಮುಂದೆ ನಿಂತರೆ ನವಿಲು, ಹಿಂದೆ ನಿಂತರೆ ನವಿಲು. ಮಲ್ಲರಸ ಕೆಮ್ಮಿದ. "ಹೊತ್ತಾಯಿತು, ಪ್ರಭು. ಈ ಎಣ್ಣೆಮೈಯವನಿಗೆ ಏನು ತಿಳಿಯುತ್ತದೆ?"

ಕಡಕೋಟೆಯಲ್ಲಿ ಒಂದು ಕಟ್ಟಳೆ ಇತ್ತು. ಅರಮನೆಯ ಅಂಗಳದಲ್ಲಿ ಗಂಡಸಿನ ಪೇಟ ತಲೆಯಿಂದ ಇಳಿಯಕೂಡದು, ನೆಲಕ್ಕೆ ಸೋಕಕೂಡದು. ಇಳಿಸಿದವನಿಗೆ ಮಾನವಿಲ್ಲ. ಆದ್ದರಿಂದ ಅಲ್ಲಿಯ ದೊಡ್ಡವರು ಬಂಡಿ ಕೊಳ್ಳುವಾಗ ನೆಟ್ಟಗೆ ನಿಂತೇ ಕೊಳ್ಳುತ್ತಿದ್ದರು.

ದುಗ್ಗ ತನ್ನ ರುಮಾಲನ್ನು ಬಿಚ್ಚಿ ನೆಲದ ಮೇಲಿಟ್ಟ. ಜನ ಹೌಹಾರಿದರು.

"ನಿಂತು ನೋಡಬಾರದು ತಾಯಿ, ಮಲಗಿ ನೋಡಬೇಕು," ಎಂದವನೇ ಬಂಡಿಯ ಕೆಳಗೆ ಅಂಗಾತ ತೂರಿದ. ಅಚ್ಚಿನ ಉದ್ದಕ್ಕೂ ಉಗುರು ಆಡಿಸಿದ. ಒಂದು ಕಡೆ ಉಗುರು ಮೆತ್ತಗೆ ಇಳಿಯಿತು. ಬಣ್ಣ ಕೆರೆದ, ಅದರಡಿಯ ಅರಗು ಕಿತ್ತ. ಒಳಗೆ ಬೆರಳು ಹೋಗುವಷ್ಟು ಸೀಳು.

"ಬುದ್ಧೀ, ತಪ್ಪಾದ್ರೆ ಹೊಟ್ಟೆಗಾಕ್ಕೊಳ್ಳಿ. ಈ ಬಂಡಿ ಘಾಟಿ ಇಳಿಯಲ್ಲ. ಮಹಾರಾಣಿಯವರ ಬಂಡಿಯ ಮುರಿದ ಅಚ್ಚು ಇನ್ನೂ ಬಂಡಿಮನೆ ಮೂಲೆಯಲ್ಲೇ ಬಿದ್ದದೆ. ಅದನ್ನೂ ತರಿಸಿ ನೋಡಿ."

ತಂದರು. ಮುರಿದ ಬಾಯಲ್ಲಿ ಅದೇ ಅರಗು, ಅದೇ ಬಣ್ಣ. ಹೊನ್ನಾಂಬೆ ಆ ಕೊರಡನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಅತ್ತಳು. ಮಲ್ಲರಸನ ಮೀಸೆ ಜೋತುಬಿತ್ತು. ಒಡೆದ ಬಂಡಿಗಳನ್ನು ಅಗ್ಗಕ್ಕೆ ತಂದು ಬಣ್ಣ ಹೊಡೆಸಿದ್ದನ್ನು ಅವನು ಅಲ್ಲೇ ಒಪ್ಪಿಕೊಂಡ. ಭಟರು ಅವನ ಕೈ ಕಟ್ಟಿದರು.

ಅರಸ ಸಿಂಹಾಸನದಿಂದ ಇಳಿದು ಬಂದ. "ಮಗಳ ಕೈ ಕೇಳು, ಅರ್ಧ ರಾಜ್ಯ ಕೇಳು, ಕೊಡುತ್ತೇನೆ."

"ನಮ್ಮಣ್ಣ ಬೇಕು, ಬುದ್ಧಿ. ಈ ಇಬ್ಬರು ದೊರೆಮಕ್ಕಳ ತಲೆ ಅವರಿಗೇ ಇರಲಿ. ನಾಯಿ ಅಂದಿದ್ದು ಅಷ್ಟು ದೊಡ್ಡ ತಪ್ಪೇನಲ್ಲ."

ಬೊಮ್ಮಣ್ಣನನ್ನು ಕರೆತಂದರು. ಬೆಳಕಿಗೆ ಕಣ್ಣು ಕಿರಿದು ಮಾಡಿ, ಕುಂಟುತ್ತ ಬಂದವನು ರಾಜಕುಮಾರಿಯನ್ನು ಕಂಡೊಡನೆ ನೆಲಕ್ಕೆ ಕುಸಿದ. "ತಾಯಿ, ನಾನೇ ಹಗ್ಗ ಜೋರಾಗಿ ಎಳೆದ್ನೇನೋ. ಮೂರು ವರ್ಷದಿಂದ ಯೋಚಿಸ್ತಾನೇ ಇದೀನಿ. ನಾನೇ ಕೊಂದ್ನೇನೋ."

ದುಗ್ಗ ಅವನ ಪಕ್ಕ ಕೂತು ಕೈ ಹಿಡಿದ. "ಇಲ್ಲಣ್ಣ. ಅಚ್ಚು ಮೊದಲೇ ಒಡೆದಿತ್ತು. ನೀನು ಹೊಡೆದಿದ್ದು ಸರಿಯಾಗೇ ಇತ್ತು."

ಬೊಮ್ಮಣ್ಣ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡ. ಮತ್ತೂ ಒಮ್ಮೆ ಹೇಳಿಸಿಕೊಂಡ.

ಅಂದಿನಿಂದ ಬಂಡಿಮನೆಯ ಪಾರುಪತ್ಯ ದುಗ್ಗನದಾಯಿತು. ಕಡಕೋಟೆಯಲ್ಲಿ ಈಗಲೂ ಬಂಡಿ ಕೊಳ್ಳುವವರು, ಎಷ್ಟೇ ದೊಡ್ಡವರಿರಲಿ, ಮೊದಲು ಪೇಟ ಕಳಚಿ ಅದರಡಿ ಅಂಗಾತ ಮಲಗುತ್ತಾರೆ. ಆ ವರ್ಷ ಸುಗ್ಗಿ ಮುಗಿದ ಮೇಲೆ, ಬಣ್ಣವಿಲ್ಲದ ಬರಿ ಮರದ ಹೊಸ ಮನೆಬಂಡಿ ಯಾತ್ರೆಗೆ ಹೊರಟಿತು. ಘಾಟಿಯ ತುದಿಯಲ್ಲಿ ಬೊಮ್ಮಣ್ಣ ಹಗ್ಗ ಎಳೆದು ಬಂಡಿ ನಿಲ್ಲಿಸಿಬಿಟ್ಟ. ಆಗ ಒಳಗಿಂದ ಹೊನ್ನಾಂಬೆಯ ದನಿ ಬಂತು: "ಹೊಡಿ ಬೊಮ್ಮಣ್ಣ, ನಾನಿದ್ದೇನೆ."