ಹಿಡಿದ ಕೈ

ಮೊಬೈಲಿನೊಳಗೆ ಹಾಡಿನ ಆ್ಯಪಿಗೂ ಫೋಟೋ ಆ್ಯಪಿಗೂ ನಡುವೆ ಒಂದೇ ಗೋಡೆ. ಅದನ್ನು ಕಾಯುವ ಕಾವಲುಗಾರನನ್ನು ಕಂಡರೆ ಹಾಡಿನ ಆ್ಯಪಿಗೆ ಮೈಯೆಲ್ಲ ಉರಿ.

"ನಾನೇನು ಕಳ್ಳನೇ? ನನ್ನ ಕೈ ಹಿಡಿಯಲು ನೀನು ಯಾರು?"

"ಗೋಡೆ ಕಳ್ಳರಿಗಷ್ಟೇ ಅಲ್ಲಪ್ಪ, ಮೈಮರೆಯುವವರಿಗೂ ಬೇಕು."

ಹಾಡಿನ ಹತ್ತು ಕೋಣೆಗಳಿಗೆ ಅಲ್ಲಿನ ವಾಡಿಕೆಯಂತೆ ಸೊನ್ನೆಯಿಂದ ಒಂಬತ್ತರವರೆಗೆ ನಂಬರು. ಒಮ್ಮೆ ಹೊಸ ಹಾಡು ತುಂಬುವ ಗಡಿಬಿಡಿಯಲ್ಲಿ ಅದು ಒಂದರಿಂದ ಎಣಿಸಿಕೊಂಡು ಹೋಗಿ ಹತ್ತನೇ ನಂಬರಿಗೆ ಕೈ ಹಾಕಿತು. ಅದು ಪಕ್ಕದ ಫೋಟೋ ಆ್ಯಪಿನ ಮನೆ. ಅಲ್ಲಿ ಮಗುವೊಂದರ ಮೊದಲ ಹೆಜ್ಜೆಯ ಫೋಟೋ ಇತ್ತು; ಅದರ ಮೇಲೆ ಹಾಡು ತುಂಬಿದ್ದರೆ ಅಳಿಸಿಯೇ ಹೋಗುತ್ತಿತ್ತು. ಕಾವಲುಗಾರ ಆ ಕೈಯನ್ನು ಗಪ್ಪನೆ ಹಿಡಿದು, ಹಾಡಿನ ಆ್ಯಪನ್ನೇ ಮುಚ್ಚಿ ಹೊರಗೆ ದಬ್ಬಿದ.

ಮತ್ತೆ ತೆರೆದುಕೊಂಡಾಗ ಹಾಡು ಅಳುಕುತ್ತ ಕೇಳಿತು, "ಆ ಮಗುವಿನ ಫೋಟೋ ಉಳಿಯಿತೇ?"

"ಇದೆ, ನಗುತ್ತಲೇ ಇದೆ."

ಹಾಡಿಗೆ ಹೋದ ಜೀವ ಬಂದಂತಾಯಿತು. "ಸದ್ಯ, ಅಣ್ಣಾ," ಎಂದಿತು, "ನನ್ನ ಕೈ ಹಿಡಿದವನು ನೀನೊಬ್ಬನೇ."