ಅಕ್ಕನಿಗೆ ತೋರಿಸಲು ಒಯ್ದ ತೆನೆ

"ಗುರುಗಳೇ, ಒಬ್ಬನ ತಪ್ಪು ಕಣ್ಣಿಗೆ ಬಿದ್ದ ಮೇಲೆ ಅದನ್ನು ಎಲ್ಲರ ಮುಂದೆ ಹೇಳುವುದು ಧರ್ಮವಲ್ಲವೇ?" ಎಂದು ಶಿಷ್ಯ ಅಡಿವೆಪ್ಪ ಕೇಳಿದ.

ಕೇಳಲು ಕಾರಣವಿತ್ತು. ಮಠದಲ್ಲಿ ಅವನ ಜೊತೆಗೇ ಓದುತ್ತಿದ್ದ ಸೋಮಲಿಂಗ ಉಪವಾಸದ ದಿನ ಅಡುಗೆಮನೆಯ ಹಿಂದೆ ನಿಂತು ರೊಟ್ಟಿ ತಿಂದಿದ್ದ. ಕೇಳಿದವರಿಗೆ ಉಪವಾಸವಿದ್ದೇನೆ ಎಂದಿದ್ದ. ಅಡಿವೆಪ್ಪ ಅದನ್ನು ಕಂಡಿದ್ದ. ಆ ಸಂಜೆ ಭಕ್ತರ ಸಭೆಯಿತ್ತು. ಸೋಮಲಿಂಗನ ತಂದೆತಾಯಿಯೂ ಬರುವವರಿದ್ದರು. ಅಲ್ಲೇ ಎದ್ದು ನಿಂತು ಹೇಳಬೇಕೆಂದು ಅಡಿವೆಪ್ಪ ನಿಶ್ಚಯಿಸಿದ್ದ. ಆದರೆ ಸೋಮಲಿಂಗ ಅವನ ಗೆಳೆಯನೂ ಹೌದು. ಆದ್ದರಿಂದ ಗುರುಗಳನ್ನು ಒಂದು ಮಾತು ಕೇಳೋಣವೆಂದು ಬಂದ. ಬರುವಾಗ ಬಾವಿಕಟ್ಟೆಯಲ್ಲಿ ನೀರು ಸೇದುವವರ ಜೊತೆ, ಹಿತ್ತಲಲ್ಲಿ ಕಟ್ಟಿಗೆ ಒಡೆಯುವವರ ಜೊತೆ ಒಂದೆರಡು ಮಾತಾಡಿದ್ದರಿಂದ ಸ್ವಲ್ಪ ತಡವಾಗಿತ್ತು.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ರೈತನಿಗೆ ಅವನ ಅಕ್ಕ ಗೋಧಿ ಬೀಜ ಕೊಟ್ಟಳು. ತನಗೆಂದು ಎತ್ತಿಟ್ಟ ಬೀಜದಲ್ಲೇ ಅರ್ಧ ಕೊಟ್ಟಿದ್ದಳು. ಪೈರು ತೆನೆಗೆ ಬಂದಾಗ ಅಲ್ಲೊಂದು ಇಲ್ಲೊಂದು ತೆನೆ ಕಪ್ಪಗಿತ್ತು. ಇದು ಕಾಡಿಗೆ ರೋಗ. ಕಾಳು ಇರಬೇಕಾದ ಕಡೆ ಕಣ್ಣಿಗೆ ಹಚ್ಚುವ ಕಾಡಿಗೆಯಂಥ ಕರಿ ಪುಡಿ ತುಂಬಿರುತ್ತದೆ. ರೋಗ ಬೀಜದ ಒಳಗೇ ಅಡಗಿರುವುದರಿಂದ ಬಿತ್ತುವಾಗ ಯಾರಿಗೂ ಕಾಣುವುದಿಲ್ಲ. ಕೊಟ್ಟ ಅಕ್ಕನಿಗೂ ಕಂಡಿರಲಿಲ್ಲ.

ರೈತನಿಗೆ ಸಿಟ್ಟು ನೆತ್ತಿಗೇರಿತು. ಅಕ್ಕನಿಗೆ ತೋರಿಸಿಯೇ ತೀರಬೇಕೆಂದು ಒಂದು ಹಿಡಿ ಕರಿ ತೆನೆ ಕೊಯ್ದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಬದುವಿನ ಮೇಲೆ ಹೊರಟ. ಎದುರಾದವರಿಗೆಲ್ಲ, 'ನೋಡಿ, ನಮ್ಮಕ್ಕ ಕೊಟ್ಟ ಬೀಜ!' ಎಂದು ಅಲ್ಲಾಡಿಸಿ ತೋರಿಸಿದ. ಅಕ್ಕನ ಊರು ಎರಡು ಹರಿದಾರಿ ದೂರ. ದಾರಿಯ ಎರಡೂ ಬದಿಯ ಹೊಲಗಳಲ್ಲಿ ಗೋಧಿ ಹೂಬಿಟ್ಟಿತ್ತು. ಗಾಳಿ ಬೀಸುತ್ತಿತ್ತು.

ಅಕ್ಕ ಬಾಗಿಲಲ್ಲೇ ಅವನನ್ನು ನೋಡಿ ನಕ್ಕಳು. 'ಏನೋ ತಮ್ಮಾ, ಅಕ್ಕನ ಮನೆಗೆ ಬರಿಗೈಯಲ್ಲಿ ಬರಬಾರದು ಅಂತ ಕಡ್ಡಿ ತಂದೆಯಾ?'

ರೈತ ನೋಡಿಕೊಂಡ. ಕೈಯಲ್ಲಿ ಬರೀ ಕಡ್ಡಿಗಳಿದ್ದವು. 'ಇದರ ತುಂಬ ಕಾಡಿಗೆ ಇತ್ತು, ಅಕ್ಕಾ,' ಎಂದ.

'ಇತ್ತು ಸರಿ. ಈಗೆಲ್ಲಿ ಹೋಯಿತು?'

ರೈತ ತಾನು ಬಂದ ದಾರಿಯನ್ನು ತಿರುಗಿ ನೋಡಿದ. ಆ ಪುಡಿ ಹೂವಿಗೆ ಬಿದ್ದರೆ ಹೊಸ ಬೀಜದೊಳಗೆ ಸೇರುತ್ತದೆ, ಮರುವರ್ಷ ಕರಿ ತೆನೆಯಾಗುತ್ತದೆ. ಅವನು ಬೈಯಲು ಹೊರಟದ್ದು ಒಬ್ಬಳನ್ನು. ರೋಗ ಹಂಚಿದ್ದು ದಾರಿಯುದ್ದಕ್ಕೂ.

ಅಕ್ಕ ಬೈಯಲಿಲ್ಲ. ಮೊದಲು ಉಣಲಿಕ್ಕಿದಳು. ಆಮೇಲೆ ಒಂದು ಹಳೆಯ ಸೀರೆಯ ತುಂಡನ್ನು ಹಿಡಿದು ಅವನ ಹೊಲಕ್ಕೆ ಬಂದು, ಅಲ್ಲೇ ಅದನ್ನು ನೀರಲ್ಲಿ ಅದ್ದಿದಳು. ಮಿಂದ ಮಗುವಿನ ತಲೆಗೆ ಬಟ್ಟೆ ಹೊದಿಸುವಂತೆ ಪ್ರತಿಯೊಂದು ಕರಿ ತೆನೆಗೂ ಆ ಒದ್ದೆ ಬಟ್ಟೆ ಹೊದಿಸಿ, ಅಲ್ಲಾಡದಂತೆ ಕೊಯ್ದು, ಗುಂಡಿಯಲ್ಲಿ ಸುಟ್ಟಳು. ಬಟ್ಟೆ ಒದ್ದೆಯಿದ್ದರೆ ಪುಡಿ ಹಾರುವುದಿಲ್ಲ.

'ದಾರಿಯ ಹೊಲಗಳ ಗತಿ ಏನಕ್ಕಾ?' ಎಂದು ರೈತ ಕೇಳಿದ.

'ಬೇಸಿಗೆಯಲ್ಲಿ ಆ ಮನೆಮನೆಗೂ ನೀನೇ ಹೋಗು. ಅವರ ಬೀಜವನ್ನು ಬೆಳಿಗ್ಗೆ ನೀರಲ್ಲಿ ನೆನೆಸು, ಮಧ್ಯಾಹ್ನದ ಉರಿಬಿಸಿಲಲ್ಲಿ ಒಣಗಿಸು. ಒಳಗಿನ ರೋಗ ಸಾಯುತ್ತದೆ, ಬೀಜ ಬದುಕುತ್ತದೆ. ನಿನ್ನ ಬೆನ್ನೂ ಒಂದಿಷ್ಟು ಸುಡಲಿ, ಪರವಾಗಿಲ್ಲ.'

ರೈತ ಆ ಬೇಸಿಗೆಯೆಲ್ಲ ಅದನ್ನೇ ಮಾಡಿದ.

ಕತೆ ಮುಗಿಯಿತು. ಅಡಿವೆಪ್ಪನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ತಪ್ಪನ್ನು ಕಂಡೂ ಬಿಟ್ಟುಬಿಡಬೇಕೇ, ಗುರುಗಳೇ?"

"ಅಕ್ಕ ಒಂದು ತೆನೆಯನ್ನೂ ಬಿಡಲಿಲ್ಲವಲ್ಲ," ಎಂದರು ಗುರುಗಳು.

ಅಡಿವೆಪ್ಪ ತಲೆದೂಗಿದ. ಸಭೆಯಲ್ಲಿ ಹೇಳುವುದಿಲ್ಲ, ಸೋಮಲಿಂಗನೊಬ್ಬನಿಗೇ ಹೇಳುತ್ತೇನೆ ಎಂದು ಮನಸ್ಸು ಮಾಡಿ ಹಗುರಾಗಿ ಎದ್ದ. ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು:

"ಮಗು, ನನ್ನ ಹತ್ತಿರ ಬರುವ ದಾರಿಯಲ್ಲಿ ಯಾರು ಯಾರಿಗೆ ತೆನೆ ತೋರಿಸಿ ಬಂದೆ?"

ಅಡಿವೆಪ್ಪ ಬಾವಿಕಟ್ಟೆಯ ಕಡೆ ನೋಡಿದ. ಆಮೇಲೆ ಹಿತ್ತಲ ಕಡೆ ನೋಡಿದ.