ಮೈಲಾರಿ ಕಟ್ಟಿದ ಟಾರ್ಪಾಲು

ಹತ್ತಿರ ಬನ್ನಿ, ಕೂತ್ಕೊಳ್ಳಿ. ಕತೆ ಹೇಳ್ತೀನಿ, ಆದ್ರೆ ನಡುನಡುವೆ ಹೂಂ ಅನ್ನಬೇಕು. ಹೂಂ ಅನ್ನೋರಿಲ್ಲ ಅಂದ್ರೆ ನನಗೆ ನಾಲಿಗೆ ಏಳಲ್ಲ. ಎದ್ದು ಹೋಗ್ತೀನಿ, ಅಷ್ಟೇ.

ಕೆಂಚಮ್ಮ ಅಂತ ಒಬ್ಬಳಿದ್ಲು. ಕುರಿ ಸಾಕೋಳು. ಗಂಡ ತೀರ್ಕೊಂಡಿದ್ದ, ಇದ್ದೊಬ್ಬ ಮಗ ಮೈಲಾರಿ. ಇಪ್ಪತ್ತೈದು ವರ್ಷದ ಗಟ್ಟಿ ಆಳು. ಎರಡು ಟಗರನ್ನ ಎರಡು ಕಂಕುಳಲ್ಲಿ ಸಿಕ್ಕಿಸ್ಕೊಂಡು ಹಳ್ಳ ದಾಟ್ತಿದ್ದ. ಮೈಯೆಲ್ಲ ಶಕ್ತಿ, ತಲೆ ಮಾತ್ರ ಖಾಲಿ ಕೊಡ. ಹೇಳಿದ ಮಾತು ಕೇಳ್ತಿರಲಿಲ್ಲ ಅಂತಲ್ಲ ಮತ್ತೆ. ಕೇಳ್ತಿದ್ದ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ. ಬಂದಿದ್ದ ಕಷ್ಟ ಅದೇ!

ಕುರಿಯೋರಿಗೆ ಮನೆ ಎಲ್ಲಿಂದ ಬರಬೇಕು? ಇವತ್ತು ಈ ಹೊಲ, ನಾಲ್ಕು ದಿನ ಬಿಟ್ಟು ಆ ಹೊಲ. ಹೊಲದಲ್ಲಿ ಮಂದೆ ನಿಲ್ಲಿಸಿದ್ರೆ ಗೊಬ್ಬರ ಬೀಳುತ್ತೆ, ಹೊಲದೋರು ಜೋಳವೋ ರಾಗಿಯೋ ಅಳೆದು ಕೊಡ್ತಾರೆ. ಬೇಸಿಗೇಲಿ ಆಕಾಶವೇ ಸೂರು. ಮುಂಗಾರು ಗುಡುಗಿತು ಅಂದ್ರೆ ಒಂದು ಟಾರ್ಪಾಲು, ನಾಲ್ಕು ಹಗ್ಗ, ಎಂಟು ಗೂಟ. ಅದೇ ಮನೆ, ಅದೇ ಮಠ.

ಆ ವರ್ಷ ಕೆಂಚಮ್ಮನ ಮಂದೇಲಿ ಹನ್ನೊಂದು ಮರಿ ಹುಟ್ಟಿದ್ವು. ಎಲ್ಲಕ್ಕಿಂತ ಸಣ್ಣದು ಒಂದು ಕರಿಕಿವಿ ಮರಿ, ನಿಂತ್ಕೊಳ್ಳೋಕೂ ಬರ್ತಿರಲಿಲ್ಲ ಅದಕ್ಕೆ. ಎಳೆ ಮರಿ ಒಂದು ಸಲ ಚೆನ್ನಾಗಿ ನೆನೀತು ಅಂದ್ರೆ ಮುಗೀತು, ಚಳಿ ಹಿಡಿದು ಸೆಟ್ಕೊಂಡುಬಿಡುತ್ತೆ. ಕೆಂಚಮ್ಮನ ಅಣ್ಣ ಹಾಲಪ್ಪನ ಮಂದೆ ಪಕ್ಕದ ಹೊಲದಲ್ಲೇ ಇತ್ತು. ಅವನು ಬಂದು ಮರಿ ನೋಡಿದ, ಅಳಿಯನ್ನೂ ನೋಡಿದ, ನಿಟ್ಟುಸಿರು ಬಿಟ್ಟ.

"ತಂಗೀ, ಈ ಮಳೇಲಿ ಒಂದು ಮರಿ ನೆನೆದು ಸತ್ರೂ ನಿನ್ನ ಕುರಿಯೆಲ್ಲ ನನ್ನ ಮಂದೆಗೆ ಹೊಡ್ಕೊಂಡು ಹೋಗ್ತೀನಿ. ನೀನು ನಮ್ಮ ಬಿಡಾರದಲ್ಲಿ ಕೂತು ಉಣ್ಣು. ಈ ಪೆದ್ದನ್ನ ನಂಬಿದ್ರೆ ಇರೋದೂ ಹೋಗುತ್ತೆ!"

ಗಂಡ ಬಿಟ್ಟುಹೋದ ಮಂದೆ ಅದು. ಅಣ್ಣನ ಬಿಡಾರದ ಮೂಲೇಲಿ ಕೂತು ಉಣ್ಣೋದು ಅಂದ್ರೆ ಕೆಂಚಮ್ಮನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಾ? ಹೂಂ ಅನ್ನಿ ಸ್ವಲ್ಪ!

ಸರಿ, ಪಡುವಲ ಕಡೆ ಮೋಡ ಕಪ್ಪಿಟ್ಟಿತು. ಕೆಂಚಮ್ಮ ಮರಿಗಳನ್ನ ಒಂದು ಕಡೆ ಸೇರಿಸ್ತಾ ಕೂಗಿದ್ಲು. "ಲೋ ಮೈಲಾರಿ! ಟಾರ್ಪಾಲು ಕಟ್ಟೋ! ಗಾಳಿ ಬಂದ್ರೂ ಅಲ್ಲಾಡದೆ ನಿಂತಿರುತ್ತಲ್ಲ, ಅಂಥದಕ್ಕೆ ಕಟ್ಟು!"

"ಸರಿಯವ್ವ!"

ಮೈಲಾರಿ ಸುತ್ತ ನೋಡಿದ. ಜಾಲಿ ಮರ ಅಲ್ಲಾಡ್ತಿತ್ತು. ಎಕ್ಕದ ಗಿಡ ಅಲ್ಲಾಡ್ತಿತ್ತು. ಸಾಮಾನು ಹೊರೋ ಅವರ ಕತ್ತೆ ಮಾತ್ರ ಗಾಳಿಗೆ ಕಿವಿ ಕೂಡ ಅಲ್ಲಾಡಿಸದೆ ನಿಂತಿತ್ತು. ಆಹಾ, ಸಿಕ್ತು ಅಂತ ನಾಲ್ಕೂ ಹಗ್ಗ ಕತ್ತೆಗೇ ಬಿಗಿದ!

ಗುಡುಗು ಧಡ್ ಅಂತು. ಕತ್ತೆ ಕಿತ್ಕೊಂಡು ಓಡ್ತು. ಕತ್ತೆ ಹಿಂದೆ ಟಾರ್ಪಾಲು, ಟಾರ್ಪಾಲಿನ ಹಿಂದೆ ಮೈಲಾರಿ, ಮೈಲಾರಿ ಹಿಂದೆ ನಾಯಿ! ಕೆಂಚಮ್ಮ ಹನ್ನೊಂದು ಮರಿಗೂ ತನ್ನ ಕಂಬಳಿ ಹೊದಿಸಿ ತಾನು ನೆನೆದ್ಲು.

"ಕಾಲಿರೋದಕ್ಕೆ ಯಾರಾದ್ರೂ ಟಾರ್ಪಾಲು ಕಟ್ತಾರೇನೋ!"

"ಅಲ್ಲಾಡದ್ದಕ್ಕೆ ಕಟ್ಟು ಅಂತ ನೀನೇ ಅಂದೆಯಲ್ಲವ್ವ!"

"ಅಯ್ಯೋ ನನ್ನ ಕರ್ಮವೇ! ನೆಲಕ್ಕೆ ಗೂಟ ಹೊಡೀಬೇಕು ಕಣೋ! ಗಾಳಿಗೆ ಪಟಪಟ ಅನ್ನೋ ಅಂಚು ಕಂಡ್ರೆ ಸಾಕು, ಮುಲಾಜು ನೋಡದೆ ಗೂಟ ಜಡಿದುಬಿಡು!"

"ಸರಿಯವ್ವ! ಮುಂದಿನ ಸಲ ಹಂಗೇ ಮಾಡ್ತೀನಿ!"

ಮಾರನೆ ದಿನ ಹೊಲದ ಯಜಮಾನರು ತಿಪ್ಪೇರುದ್ರಪ್ಪ ಗೌಡ್ರು ಬಂದ್ರು. ಗರಿಗರಿ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಕೆಂಚಮ್ಮ ಕಂಬಳಿ ಹಾಸಿ ಕೂರಿಸಿದ್ಲು, ಮಜ್ಜಿಗೆ ಕೊಟ್ಲು. ಗೌಡ್ರು ಮಂದೆ ಇನ್ನೂ ಎಷ್ಟು ದಿನ ಇರಲಿ ಅಂತ ಮಾತಾಡ್ತಾ ಕೂತ್ರು. ಗಾಳಿ ಬೀಸ್ತಿತ್ತು. ಗೌಡ್ರ ಪಂಚೆ ಅಂಚು ಪಟಪಟ ಅಂತು.

ಮೈಲಾರಿ ನೋಡಿದ. ಗೂಟ ತಂದ. ಸುತ್ತಿಗೆ ತಂದ. ಮೆಲ್ಲಗೆ ಹಿಂದಿನಿಂದ ಬಂದು ಈ ಅಂಚಿಗೊಂದು, ಆ ಅಂಚಿಗೊಂದು, ಧಣ್ ಧಣ್!

"ಏನಮ್ಮಾ ಅದು ಸದ್ದು?" ಅಂದ್ರು ಗೌಡ್ರು.

"ನನ್ನ ಮಗ ಬುದ್ಧಿವಂತ ಆಗಿದಾನೆ ಗೌಡ್ರೇ, ಟಾರ್ಪಾಲಿಗೆ ಗೂಟ ಹೊಡೀತಾವ್ನೆ" ಅಂದ್ಲು ಕೆಂಚಮ್ಮ, ಹೆಮ್ಮೆಯಿಂದ.

ಮಜ್ಜಿಗೆ ಮುಗೀತು. ಗೌಡ್ರು ಎದ್ರು. ಪಂಚೆ ಏಳಲಿಲ್ಲ.

ಪಟ್ಟಾಪಟ್ಟಿ ಚಡ್ಡೀಲಿ ಗೌಡ್ರು ನಿಂತಿದಾರೆ, ಇಡೀ ಮಂದೆ ಮೇಯೋದು ಬಿಟ್ಟು ನೋಡ್ತಿದೆ! ನಗಬೇಡಿ, ನಿಮ್ಮ ಪಂಚೆ ಹೋದಾಗ ಗೊತ್ತಾಗುತ್ತೆ. ಗೌಡ್ರ ಮುಖ ಹಣ್ಣು ಮೆಣಸಿನಕಾಯಿ ಆಯ್ತು. "ನಿಮ್ಮ ಮಂದೇನೂ ಬೇಡ, ನಿಮ್ಮ ಗೊಬ್ಬರವೂ ಬೇಡ! ಈ ವಾರದಲ್ಲೇ ಜಾಗ ಖಾಲಿ ಮಾಡಿ!" ಅಂತ ಟವೆಲ್ಲು ಸುತ್ಕೊಂಡು ಹೊರಟೇಹೋದ್ರು.

"ಮನುಷ್ಯರಿಗೆ ಗೂಟ ಹೊಡೀತಾರೇನೋ, ಪಾಪಿ!"

"ಅಂಚು ಪಟಪಟ ಅಂದ್ರೆ ಜಡಿ ಅಂತ ನೀನೇ ಅಂದೆಯಲ್ಲವ್ವ!"

"ಕೇಳಬೇಕಪ್ಪಾ, ಕೇಳಬೇಕು! ಕೈಮುಗಿದು, 'ಗೂಟ ಹೊಡೀಲಾ' ಅಂತ ಮೊದಲು ಕೇಳು. ಹೂಂ ಅನ್ನೋ ತನಕ ಸುತ್ತಿಗೆ ಎತ್ತಬೇಡ!"

"ಸರಿಯವ್ವ! ಮುಂದಿನ ಸಲ ಹಂಗೇ ಮಾಡ್ತೀನಿ!"

ಎರಡು ದಿನ ಬಿಟ್ಟು ಸಂಜೆಮುಂದೆ ಮತ್ತೆ ಗಾಳಿ ಎದ್ದಿತು. ಮೈಲಾರಿ ಟಾರ್ಪಾಲು ಹಾಸಿ, ಹಗ್ಗ ಕಟ್ಟಿ, ಗೂಟ ಇಟ್ಕೊಂಡು ನಿಂತ. ಕೈಮುಗಿದ.

"ಟಾರ್ಪಾಲೇ, ಗೂಟ ಹೊಡೀಲಾ?"

ನೀವಾದ್ರೂ ಹೂಂ ಅಂತಿದ್ದೀರಿ, ಟಾರ್ಪಾಲು ಅನ್ನುತ್ತಾ? ಮೈಲಾರಿ ಇನ್ನೊಂದು ಸಲ ಕೇಳಿದ. ಬಗ್ಗಿ ಕೇಳಿದ. ಆ ಕಡೆಯಿಂದ ಹೋಗಿ ಕೇಳಿದ. ಟಾರ್ಪಾಲು ಉಬ್ಬಿತು, ಎದ್ದಿತು, ಸುಂಯ್ ಅಂತ ಹಾರಿ ಜಾಲಿ ಮುಳ್ಳಿನ ಮೇಲೆ ಹೋಗಿ ಕೂತಿತು!

ಆವತ್ತು ಮರಿಗಳಿಗೆ ನಾಲ್ಕು ಹನಿ ಬಿದ್ದೇಬಿಟ್ವು. ಉಳಿದವು ಮೈ ಕೊಡವಿಕೊಂಡು ಎದ್ವು. ಕರಿಕಿವಿ ಮರಿ ಏಳಲಿಲ್ಲ. ಕೆಂಚಮ್ಮ ಅದನ್ನ ಎದೆಗೆ ಅವಚ್ಕೊಂಡು, ಸೆರಗು ಮುಚ್ಚಿ, ಬೆಂಕಿ ಮುಂದೆ ಕೂತೇ ಇದ್ಲು. "ಉಸಿರಾಡೇ ನನ್ನವ್ವ, ಉಸಿರಾಡೇ" ಅಂತಿದ್ಲು. ಎಷ್ಟೋ ಹೊತ್ತಿಗೆ ಅದು ಅವಳ ಬೆರಳು ಚೀಪಿತು. ಆಗ ಅವಳಿಗೂ ಉಸಿರು ಬಂತು.

ಉಸಿರು ಬಂದ ಮೇಲೆ ಬೈಗುಳವೂ ಬಂತು. "ಟಾರ್ಪಾಲನ್ನ ಕೇಳ್ತಾರೇನೋ! ಅದಕ್ಕೇನು ಬಾಯಿದೆಯಾ!"

"ಹೂಂ ಅನ್ನೋ ತನಕ ಹೊಡೀಬೇಡ ಅಂತ ನೀನೇ ಅಂದೆಯಲ್ಲವ್ವ!"

ಮುಂದಿನ ಸಲ ಅವನು ಯಾರನ್ನೂ ಕೇಳಲಿಲ್ಲ. ಎಂಟಕ್ಕೆ ಎಂಟೂ ಗೂಟ ಜಡಿದ. ಆದ್ರೆ ಮಂಚ ಕಟ್ಟಿದ ಹಾಗೆ ಸಮತಟ್ಟಾಗಿ ಕಟ್ಟಿದ್ದ, ಸಣ್ಣ ಮಳೆಗೇ ನೀರು ಮೇಲೆ ನಿಂತುಬಿಡ್ತು. ಕೆಂಚಮ್ಮ ಓಡಿಬಂದು ಕೋಲಿನಿಂದ ನೂಕಿ ನೀರು ಚೆಲ್ಲಿದ್ಲು.

"ನೀರು ನಿಂತಿರೋದು ಕಂಡ್ರೆ ಒಂದು ಬದಿ ತಗ್ಗಿಸಬೇಕು ಕಣೋ! ಹರಿದು ಹೋಗಬೇಕು!"

"ಸರಿಯವ್ವ!"

ಮಾರನೆ ಬೆಳಿಗ್ಗೆ ಕೆಂಚಮ್ಮ ದೂರದ ಬಾವಿಯಿಂದ ಮೂರು ಕೊಡ ಕುಡಿಯೋ ನೀರು ತಂದಿಟ್ಟು, ಸೌದೆ ಆರಿಸೋಕೆ ಹೋದ್ಲು. ಮೈಲಾರಿ ಕೊಡದೊಳಗೆ ಇಣುಕಿದ. ಅಯ್ಯಯ್ಯೋ, ನೀರು ನಿಂತುಬಿಟ್ಟಿದೆ! ಒಂದೊಂದೇ ಕೊಡ ಹಿಡಿದು ಒಂದು ಬದಿ ತಗ್ಗಿಸಿದ. ಬುಳುಬುಳು ಬುಳುಬುಳು!

"ಎಲ್ಲಾ ಹರಿದುಹೋಯ್ತು ಕಣವ್ವ! ಒಂದು ತೊಟ್ಟೂ ನಿಂತಿಲ್ಲ!"

ಕೆಂಚಮ್ಮ ಸೌದೆ ಹೊರೆ ಎತ್ತಿ ಹಾಕಿದ್ಲು. "ನನ್ನ ಹೊಟ್ಟೇಲಿ ಯಾಕಾದ್ರೂ ಹುಟ್ಟಿದ್ಯೋ! ನೀರು ಅಂದ್ರೆ ಬಾಯಿ ಮೇಲೆ ಮಾಡಿ, ಸುತ್ತಲಿಂದ ಎತ್ತಿ ಹಿಡೀಬೇಕು! ಒಂದು ಹನಿ ಕೆಳಗೆ ಬೀಳಬಾರದು!"

"ಸರಿಯವ್ವ! ಮುಂದಿನ ಸಲ ಹಂಗೇ ಮಾಡ್ತೀನಿ!"

ಗೊತ್ತಾಯ್ತಲ್ಲ ಮುಂದೇನು ಅಂತ? ಗೊತ್ತಾದ್ರೂ ಸುಮ್ಮನಿರಿ, ಹೇಳೋನು ನಾನು.

ಮಧ್ಯಾಹ್ನ ಮೋಡ ಬಂದಾಗ ಮೈಲಾರಿ ಟಾರ್ಪಾಲಿನ ನಾಲ್ಕೂ ಮೂಲೆ ಎತ್ತರಕ್ಕೆ ಬಿಗಿದ, ನಡುವೆ ತೊಟ್ಟಿಲ ಹಾಗೆ ತಗ್ಗು ಬಿಟ್ಟ. ಹಾಲಪ್ಪ ಮರಿಗಳು ಹೇಗಿವೆ ಅಂತ ನೋಡೋಕೆ ಬಂದೋನು ಮಳೆ ಹಿಡೀತು ಅಂತ ಅದರ ಕೆಳಗೇ ಕೂತ. ಮಳೆ ಸುರೀತು. ಟಾರ್ಪಾಲಿನ ಹೊಟ್ಟೆ ಉಬ್ಬಿತು. ಇನ್ನೂ ಉಬ್ಬಿತು. ಹಾಲಪ್ಪನ ರುಮಾಲಿಗೆ ತಾಗೋ ಹಾಗೆ ಉಬ್ಬಿತು!

ಈಗ ಒಂದು ಮಾತು ಹೇಳಬೇಕು. ಮೈಲಾರಿ ಪೆದ್ದನೇ ಇರಬಹುದು, ಒಂದು ಕೆಲಸದಲ್ಲಿ ಅವನ ಸಮ ಯಾರೂ ಇರಲಿಲ್ಲ. ಕುರಿ ಹಸಿ ಚಿಗುರು ತಿಂದು ಹೊಟ್ಟೆ ಉಬ್ಬರಿಸ್ಕೊಂಡು ಬಿತ್ತು ಅಂದ್ರೆ, ದಬ್ಬಳ ತಗೊಂಡು ಎಡಪಕ್ಕೇಲಿ ಸರಿಯಾದ ಜಾಗಕ್ಕೆ ಚುಚ್ಚಿ ಗಾಳಿ ಬಿಡಿಸ್ತಿದ್ದ. ಹಾಲಪ್ಪನೇ ಎಷ್ಟೋ ಸಲ ಕರೆಸಿದ್ದ.

"ಮಾವ! ಟಾರ್ಪಾಲಿಗೆ ಹೊಟ್ಟೆ ಉಬ್ಬರ!" ಅಂತ ಮೈಲಾರಿ ದಬ್ಬಳ ತಂದ. ಎಡಪಕ್ಕೆ ಎಲ್ಲಿ? ತಲೆ ಯಾವ ಕಡೆ, ಬಾಲ ಯಾವ ಕಡೆ ಅಂತ ಎರಡು ಸುತ್ತು ಬಂದ.

"ಲೋ, ಬೇಡ ಕಣೋ! ಲೋ!"

ಚುಚ್ಚೇಬಿಟ್ಟ. ಹಳೇ ಟಾರ್ಪಾಲು ಚರ್ರ್ ಅಂತ ಸೀಳ್ತು, ನೀರೆಲ್ಲ ಹಾಲಪ್ಪನ ನೆತ್ತಿ ಮೇಲೆ! ಪುಣ್ಯಕ್ಕೆ ಕೆಂಚಮ್ಮ ಮರಿಗಳನ್ನ ಆ ಕಡೆ ಅಂಚಿಗೆ ಎಳ್ಕೊಂಡಿದ್ಲು.

ಹಾಲಪ್ಪ ಮೂಗಿನಿಂದ ನೀರು ಸೀನಿ ಹೇಳಿದ. "ತಂಗೀ, ನನ್ನ ಹತ್ರ ಒಂದು ಹೊಸ ಟಾರ್ಪಾಲು ಐತೆ, ಕೊಡ್ತೀನಿ. ಇದೇ ಕೊನೆ. ಮೈಲಾರಿ, ಕೇಳ್ದೇನೋ? ಇದನ್ನ ಕಣ್ಣಿನ ಹಾಗೆ ಕಾಪಾಡಬೇಕು! ಗಾಳಿಯಾಗಲಿ ಮಳೆಯಾಗಲಿ ಇದಕ್ಕೆ ಏನೂ ಮಾಡಬಾರದು!"

"ಸರಿ ಮಾವ!"

ಕೆಂಚಮ್ಮ ಮಗನ ಕೈ ಹಿಡಿದು ಹಾಲಪ್ಪನ ಬಿಡಾರಕ್ಕೆ ಕರ್ಕೊಂಡು ಹೋದ್ಲು. "ನೋಡೋ, ಮಾವ ಹೆಂಗೆ ಕಟ್ಟಿದಾನೆ. ಗಾಳಿ ಬರೋ ಕಡೆ ತಗ್ಗು, ಈ ಕಡೆ ಎತ್ತರ. ಗೂಟ ಓರೆಯಾಗಿ ಹೊಡೆದು ಮೇಲೆ ಕಲ್ಲು ಹೇರಿದಾನೆ. ನೀರು ಹೋಗೋಕೆ ಸುತ್ತ ಕಾಲುವೆ. ಆಕಾಶ ಹರಿದು ಬಿದ್ರೂ ಇದರ ಕೆಳಗೆ ಒಂದು ಹನಿ ಬೀಳಲ್ಲ. ನಮ್ಮ ಮರಿಗಳು ಇಂಥದರ ಕೆಳಗೆ ಇರಬೇಕು ಕಣೋ!"

"ಸರಿಯವ್ವ!"

ಅಣ್ಣ ತಂಗಿ ಇಬ್ಬರೂ ಗೌಡ್ರ ಕಾಲು ಹಿಡಿದು ಕ್ಷಮೆ ಕೇಳೋಕೆ ಊರೊಳಗೆ ಹೋದ್ರು. ಅಲ್ಲಿ ಗೌಡ್ರು ಬಾಗಿಲು ತೆಗೆಯೋದಕ್ಕೂ ಇಲ್ಲಿ ಮಳೆ ಬರೋದಕ್ಕೂ ಸರಿಹೋಯ್ತು. ಎಂಥ ಮಳೆ ಅಂತೀರಿ! ಆಲಿಕಲ್ಲು, ಬಿರುಗಾಳಿ, ಎದುರಿಗಿರೋ ಮನುಷ್ಯ ಕಾಣಲ್ಲ!

"ನನ್ನ ಮರಿ!" ಅಂತ ಕೆಂಚಮ್ಮ ಓಡಿದ್ಲು. ಹಾಲಪ್ಪನೂ ಓಡಿದ. ಬಂದು ನೋಡ್ತಾರೆ, ಹೊಸ ಟಾರ್ಪಾಲು ಇಲ್ಲ! ಗೂಟ ಇಲ್ಲ, ಹಗ್ಗ ಇಲ್ಲ, ಒಂದು ಮರೀನೂ ಇಲ್ಲ! ಬರೀ ಕೆಂಪು ನೀರು ಹರೀತಿದೆ. ಕೆಂಚಮ್ಮ ಅಲ್ಲೇ ಕುಸಿದ್ಲು.

"ಹೋಯ್ತಣ್ಣಾ, ಎಲ್ಲಾ ಹೋಯ್ತು! ಹೊಡ್ಕೊಂಡು ಹೋಗು ನನ್ನ ಮಂದೇನ!"

ಆಗ ಹಾಲಪ್ಪನ ಬಿಡಾರದ ಕಡೆಯಿಂದ "ಮ್ಯಾ" ಅಂತ ಒಂದು ಸಣ್ಣ ಕೂಗು ಕೇಳಿಸ್ತು.

ಇಬ್ಬರೂ ಅಲ್ಲಿಗೆ ಓಡಿದ್ರು. ಹೊರಗೆ ಮಳೇಲಿ ಹಾಲಪ್ಪನ ಹಾಸಿಗೆ, ಹಾಲಪ್ಪನ ಕಂಬಳಿ, ಹಾಲಪ್ಪನ ಟ್ರಂಕು, ಹಾಲಪ್ಪನ ಜೋಳದ ಚೀಲ. ಒಳಗೆ ಮರಿಗಳು! ನಡುವೆ ಕರಿಕಿವಿ ಮರಿ, ಹಾಲಪ್ಪನ ಹಬ್ಬದ ರುಮಾಲು ಸುತ್ಕೊಂಡು ನಿದ್ದೆ ಹೊಡೀತಿದೆ. ಬಾಗಿಲಲ್ಲಿ ಮೈಲಾರಿ, ತೊಪ್ಪೆಯಾಗಿ ನಿಂತಿದಾನೆ.

"ಲೋ! ನಾನು ಕೊಟ್ಟ ಟಾರ್ಪಾಲು ಎಲ್ಲೋ?"

"ಒಳಗೆ ಮಡಚಿ ಇಟ್ಟಿದೀನಿ ಮಾವ. ಕಣ್ಣಿನ ಹಾಗೆ ಕಾಪಾಡಿದೀನಿ. ಗಾಳಿನೂ ಮುಟ್ಟಿಲ್ಲ, ಮಳೇನೂ ಮುಟ್ಟಿಲ್ಲ!"

ಕೆಂಚಮ್ಮ ಮರಿ ಎಣಿಸಿದ್ಲು. ಹನ್ನೊಂದು. ಮುಟ್ಟಿ ಮುಟ್ಟಿ ಎಣಿಸಿದ್ಲು. ಹನ್ನೊಂದೂ ಬೆಚ್ಚಗೆ, ಒಣಗಿದ ಹತ್ತಿ ಹಾಗಿವೆ! ಕೆಸರಲ್ಲೇ ಕೂತು ನಗ್ತಾ ಅತ್ಲು, ಅಳ್ತಾ ನಕ್ಲು. "ಅಣ್ಣಾ, ಒಂದೂ ನೆನೆದಿಲ್ಲ ಕಣಣ್ಣಾ!"

ಹಾಲಪ್ಪ ತನ್ನ ಹಾಸಿಗೆ ನೋಡಿದ, ತಂಗಿ ಮುಖ ನೋಡಿದ. "ಸರಿ ತಂಗಿ, ಆಡಿದ ಮಾತು ತಪ್ಪಲ್ಲ. ಮಂದೆ ನಿಂದೇ" ಅಂದ. ಅಂದು, ತಲೆಯಿಂದ ಕಾಲಿನವರೆಗೆ ನೀರು ಸುರಿಸ್ತಾ ಒಳಗೆ ನುಸುಳಿ ಮರಿಗಳ ನಡುವೆ ಕೂತ. ಕೂತೋನು ಸುಮ್ಮನಿರಬೇಕೋ ಬೇಡವೋ?

"ಮೈಲಾರಿ, ಎಳೆ ಮರಿ ಕಣೋ. ಒದ್ದೆ ಆಗಿರೋದು ಏನಿದ್ರೂ ಇವುಗಳ ಹತ್ರ ಇರಬಾರದು. ಎತ್ತಿ ಹೊರಗೆ ಹಾಕು!"

"ಸರಿ ಮಾವ!"

ಮೈಲಾರಿ ಒಳಗೆ ನೋಡಿದ. ಮರಿ ಒಣಗಿವೆ. ಟಾರ್ಪಾಲು ಒಣಗಿದೆ. ರುಮಾಲು ಒಣಗಿದೆ. ಒದ್ದೆ ಆಗಿರೋದು ಒಂದೇ ಒಂದು. ಟಗರನ್ನ ಎತ್ತೋ ಹಾಗೆ ಹಾಲಪ್ಪನ್ನ ಕಂಕುಳಲ್ಲಿ ಸಿಕ್ಕಿಸ್ಕೊಂಡ, ಹೊರಗೆ ತಂದ, ಮಳೇಲಿ ಹಾಸಿಗೆ ಪಕ್ಕ ಇಳಿಸಿದ.

ಬಿರುಗಾಳಿಗೆ ಹಾಲಪ್ಪನ ಪಂಚೆ ಅಂಚು ಪಟಪಟ ಅಂತು. ಮೈಲಾರಿ ಗೂಟ ತಂದ. ಸುತ್ತಿಗೆ ತಂದ. ಅವ್ವ ಹೇಳಿದ್ದು ನೆನಪಿತ್ತು. ಕೈಮುಗಿದ.

"ಮಾವ, ಗೂಟ ಹೊಡೀಲಾ?"

ಹಾಲಪ್ಪ ಎರಡೂ ಕೈಯಲ್ಲಿ ಬಾಯಿ ಮುಚ್ಕೊಂಡ. ಇವತ್ತಿನವರೆಗೂ ಅವನು ಹೂಂ ಅಂದಿಲ್ಲ. ಮೈಲಾರಿ ಇನ್ನೂ ಸುತ್ತಿಗೆ ಹಿಡ್ಕೊಂಡು ಕಾಯ್ತಾನೇ ಇದಾನೆ. ಪಂಚೆ ಉಟ್ಟು ಆ ಹೊಲದ ಕಡೆ ಹೋದ್ರೆ ಜೋಪಾನ, ನನಗೆ ಹೂಂ ಅಂದಂಗೆ ಅಲ್ಲೂ ಅಂದುಬಿಟ್ಟೀರಿ!